ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದೀರಾ? ನಿಮ್ಮ ಹೊಟ್ಟೆಯ ತೊಂದರೆಗೆ ಕಾರಣವೇನೆಂದು ಯಾರಾದರೂ ನೋಡಿದ್ದಾರೆಯೇ?

ದಾವಣಗೆರೆಯ ಔಷಧಿಕಾರ (ಚರ್ಚೆ ಆರಂಭಿಸಿದವರು)

ನನ್ನ ಅಂಗಡಿಗೆ ಬರುವವರು ಜ್ವರದ ಮಾತ್ರೆಯಷ್ಟೇ ಸಲೀಸಾಗಿ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನು ಕೇಳುತ್ತಾರೆ. ವೈದ್ಯರ ಚೀಟಿ ಇಲ್ಲದೆ ಇವನ್ನು ಕೊಡುವಂತಿಲ್ಲ. ಆದರೂ ಮಾತ್ರೆ ಮುಗಿದ ಹಳೆಯ ಪಟ್ಟಿ (ಸ್ಟ್ರಿಪ್) ತೋರಿಸಿ "ಇದನ್ನೇ ಕೊಡಿ" ಎನ್ನುತ್ತಾರೆ. ಚೀಟಿ ಕೇಳಿದರೆ ಮುನಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಮೊದಲು ಬರೆದುಕೊಟ್ಟ ವೈದ್ಯರು ಎಷ್ಟು ವಾರಕ್ಕೆಂದು ಹೇಳಿದ್ದರು ಎಂದು ವಿಚಾರಿಸಿದರೆ ಬಹುತೇಕರ ಬಳಿ ಉತ್ತರವಿಲ್ಲ. ನಾಲ್ಕು ವಾರಕ್ಕೋ ಎಂಟು ವಾರಕ್ಕೋ ಬರೆದದ್ದು ವರ್ಷಗಟ್ಟಲೆ ನಡೆದುಕೊಂಡು ಬಂದಿರುತ್ತದೆ.

ಈ ಮಾತ್ರೆಗಳ ಮೇಲೆ ನನಗೆ ಸಿಟ್ಟಿಲ್ಲ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಜೀವಕೋಶಗಳ ಕೆಲಸವನ್ನೇ ಇವು ತಡೆಯುತ್ತವೆ. ಹುಣ್ಣು ಮಾಯಿಸುವುದಕ್ಕೆ, ಅದು ಮತ್ತೆ ರಕ್ತ ಸುರಿಸದಂತೆ ಕಾಯುವುದಕ್ಕೆ ಇವುಗಳಷ್ಟು ಉಪಕಾರಿಯಾದ ಔಷಧಗಳು ಕಡಿಮೆ. ನನ್ನ ಸಂಕಟ ಬೇರೆ. ಉರಿ ತಗ್ಗಿದ ಕೂಡಲೇ ರೋಗವೂ ಹೋಯಿತೆಂದು ಜನ ನಂಬುತ್ತಾರೆ. ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ನುಲಿತ, ಊಟವಾದ ಮೇಲಿನ ಭಾರ, ಎಲ್ಲಕ್ಕೂ ಅದೇ ಮಾತ್ರೆ. ಇವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಲ್ಲ.

ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ನಿಮ್ಮ ನೋವು ಎಲ್ಲಿದೆ, ಯಾವ ಹೊತ್ತಿನಲ್ಲಿ ಬರುತ್ತದೆ, ಊಟ ಮಾಡಿದರೆ ಹೆಚ್ಚುತ್ತದೆಯೇ ತಗ್ಗುತ್ತದೆಯೇ, ಮಲದ ಬಣ್ಣ ಹೇಗಿದೆ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಬರೆಯಿರಿ. ವೈದ್ಯರ, ಆಸ್ಪತ್ರೆಯ ಹೆಸರು ಬೇಡ. ವೈದ್ಯರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಉತ್ತರಿಸಿ.

ಕೊಪ್ಪಳದ ಶಿಕ್ಷಕಿ

ನನಗೆ ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ ಕೊರೆದಂತಹ ನೋವು. ಹೊಟ್ಟೆ ಖಾಲಿ ಇದ್ದಾಗ ಹೆಚ್ಚು. ನಡುರಾತ್ರಿ ಎಚ್ಚರವಾಗುತ್ತದೆ, ಎರಡು ಬಿಸ್ಕತ್ತು ತಿಂದರೆ ಸ್ವಲ್ಪ ಹೊತ್ತು ಆರಾಮ. ಮಾತ್ರೆ ತೆಗೆದುಕೊಂಡಾಗ ಪೂರ್ತಿ ಮಾಯವಾಗುತ್ತದೆ, ಬಿಟ್ಟ ಕೆಲವೇ ವಾರಗಳಲ್ಲಿ ಮರಳುತ್ತದೆ. ಖಾರ ಬಿಡಿ, ಚಿಂತೆ ಬಿಡಿ ಎಂದು ಎಲ್ಲರೂ ಹೇಳಿದರು. ಮೆಣಸಿನಕಾಯಿ ಚಟ್ನಿಯನ್ನು ಬಿಟ್ಟೇ ಬಿಟ್ಟಿದ್ದೇನೆ. ನೋವು ಬಿಟ್ಟಿಲ್ಲ.

ಚಾಮರಾಜನಗರದ ಸರ್ಕಾರಿ ವೈದ್ಯೆ

ಶಿಕ್ಷಕಿಯವರೇ, ನೀವು ಬರೆದ ರೀತಿ ಸಣ್ಣ ಕರುಳಿನ ಆರಂಭದಲ್ಲಿ ಆಗುವ ಹುಣ್ಣಿನ ಲಕ್ಷಣಕ್ಕೆ ಹತ್ತಿರವಾಗಿದೆ. ಇಲ್ಲಿ ಕುಳಿತು ರೋಗ ನಿರ್ಣಯ ಮಾಡಲು ನನಗೆ ಸಾಧ್ಯವಿಲ್ಲ. ಆದರೆ ನಿಮಗೆ ಒಂದು ಪರೀಕ್ಷೆ ಆಗಲೇಬೇಕು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು.

ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ವೈದ್ಯರೂ ಒಂದು ಕಾಲದಲ್ಲಿ ನಂಬಿದ್ದರು. ಅಷ್ಟು ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಲಾರದು ಎಂಬುದು ಪಾಠವಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಿಂದ ತೆಗೆದ ಚೂರುಗಳಲ್ಲಿ ಸುರುಳಿಯಾಕಾರದ ಈ ಜೀವಿಯನ್ನು ಕಂಡು, 1982ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ಒಪ್ಪದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ಬಾಯಿಯ ಮೂಲಕ ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಾಣಿಸಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆಮ್ಲವನ್ನು ಮಂಕಾಗಿಸುತ್ತದೆ, ಲೋಳೆಯ ಪದರದೊಳಗೆ ನೆಲೆಸುತ್ತದೆ. ಸಾಮಾನ್ಯವಾಗಿ ಬಾಲ್ಯದಲ್ಲೇ, ಮನೆಯವರಿಂದ ಅಥವಾ ಅಶುದ್ಧ ನೀರಿನಿಂದ ಬರುತ್ತದೆ. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ವಯಸ್ಕರಲ್ಲಿ ಇದು ಇದೆ. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಕೆಲವರಿಗೆ ಹುಣ್ಣು, ಇನ್ನೂ ಕೆಲವರಿಗೆ ದಶಕಗಳ ನಂತರ ಜಠರದ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ, ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ನೋಡುವುದು, ಮೂರೂ ಚೆನ್ನಾಗಿವೆ. ರಕ್ತ ಪರೀಕ್ಷೆ ಬೇಡ. ಸೋಂಕು ಈಗ ಇದೆಯೋ ಹಿಂದೆ ಎಂದೋ ಇತ್ತೋ ಎಂಬುದನ್ನು ಅದು ಹೇಳಲಾರದು. ಇಲ್ಲಿ ಎಲ್ಲರೂ ಗಮನಿಸಬೇಕಾದದ್ದು ಒಂದಿದೆ. ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ನುಂಗುತ್ತಲೇ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು. ಆ ಮಾತ್ರೆಯನ್ನು ಕನಿಷ್ಠ ಎರಡು ವಾರ, ಆ್ಯಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು. ಹುಣ್ಣಿನಿಂದ ರಕ್ತಸ್ರಾವವಾಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಸೋಂಕು ಇದ್ದರೆ ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆ. ಮಾತ್ರೆಗಳು ಹೆಚ್ಚು, ಬಾಯಿ ಕಹಿಯಾಗುತ್ತದೆ, ಐದಾರು ದಿನಕ್ಕೆ ಬೇಸತ್ತು ಬಿಡುವವರು ಬಹಳ. ಬಿಟ್ಟರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ. ಚಿಕಿತ್ಸೆ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ಸೋಂಕು ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ.

ಮೈಸೂರಿನ ನಿವೃತ್ತ ನೌಕರ

ಹಾಗಾದರೆ ಖಾರದಿಂದ ಏನೂ ಆಗುವುದಿಲ್ಲವೇ? ನನಗಂತೂ ಮೆಣಸಿನಕಾಯಿ ಬಜ್ಜಿ ತಿಂದ ದಿನ ಉರಿ ಖಂಡಿತ. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ಮಾತ್ರೆಯನ್ನೂ, ಹೃದಯಕ್ಕೆ ಆಸ್ಪಿರಿನ್ ಅನ್ನೂ ತೆಗೆದುಕೊಳ್ಳುತ್ತೇನೆ.

ಚಾಮರಾಜನಗರದ ಸರ್ಕಾರಿ ವೈದ್ಯೆ

ಖಾರವು ಹುಣ್ಣನ್ನು ಹುಟ್ಟಿಸುವುದಿಲ್ಲ. ಇರುವ ಉರಿಯನ್ನು ಹೆಚ್ಚಿಸಬಹುದು. ಎಣ್ಣೆಯಲ್ಲಿ ಕರಿದದ್ದು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, ಬಜ್ಜಿಯಲ್ಲಿ ಎರಡೂ ಇವೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಬಜ್ಜಿಯಲ್ಲ, ನೀವು ಕೊನೆಯ ಸಾಲಿನಲ್ಲಿ ಹೇಳಿದ ಎರಡು ಮಾತ್ರೆಗಳು.

ದಾವಣಗೆರೆಯ ಔಷಧಿಕಾರ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಜೋಡಿಯನ್ನು ವಾರದಲ್ಲಿ ಹಲವು ಬಾರಿ ನೋಡುತ್ತೇನೆ. ಜಠರದ ಒಳಗೋಡೆ ತನ್ನದೇ ಆಮ್ಲದಿಂದ ಸುಡದಿರಲು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಬೇಕು. ಲೋಳೆಯನ್ನೂ ರಕ್ತಸಂಚಾರವನ್ನೂ ಅವು ಕಾಪಾಡುತ್ತವೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ನೋವು ತಗ್ಗಿಸುವುದು ಆ ಪ್ರೊಸ್ಟಗ್ಲಾಂಡಿನ್‌ಗಳ ಉತ್ಪಾದನೆಯನ್ನು ತಡೆದು. ನೋವಿನ ಜೊತೆಗೆ ರಕ್ಷಣೆಯೂ ಹೋಗುತ್ತದೆ. "ಊಟವಾದ ಮೇಲೆ ತೆಗೆದುಕೊಂಡರೆ ಏನೂ ಆಗದು" ಎಂಬುದು ಅರೆಸತ್ಯ. ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಇದೇ ಪರಿಣಾಮ ಬೀರುವುದರಿಂದ, ಚುಚ್ಚುಮದ್ದಿನಲ್ಲಿ ತೆಗೆದುಕೊಂಡರೂ ಹುಣ್ಣು ಆಗಬಹುದು.

ವಯಸ್ಸಾದವರಲ್ಲಿ ಈ ಹುಣ್ಣು ನೋವನ್ನೇ ಕೊಡದೆ ಒಮ್ಮೆಲೇ ರಕ್ತ ಸುರಿಸುವುದುಂಟು. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಬಂದರೆ ಅದು ಮೇಲಿನ ಹೊಟ್ಟೆಯಲ್ಲಿ ರಕ್ತ ಸೋರಿದ ಗುರುತು. ಮರುದಿನದವರೆಗೆ ಕಾಯಬಾರದು. ನಿಮ್ಮ ವಯಸ್ಸಿನಲ್ಲಿ ಈ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಲೇಬೇಕಾದರೆ ಪ್ಯಾಂಟೊಪ್ರಜೋಲ್ ನಿಜವಾಗಿಯೂ ಬೇಕಾಗುತ್ತದೆ. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊಣಕಾಲಿಗೆ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು ಅಥವಾ ವ್ಯಾಯಾಮದಿಂದ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಹಾಸನದ ಗೃಹಿಣಿ

ಮಗಳು ಗರ್ಭಿಣಿ, ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಮಲ ಕಪ್ಪಗಿದೆ. ಇದನ್ನು ಓದಿ ಕೈಕಾಲು ನಡುಗಿತು.

ದಾವಣಗೆರೆಯ ಔಷಧಿಕಾರ

ಹೆದರಬೇಡಿ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪು ಅಥವಾ ಕಡುಹಸಿರಾಗುವುದು ಸಹಜ, ಮಲಬದ್ಧತೆಯೂ ಸಾಮಾನ್ಯ. ಆ ಮಲ ಗಟ್ಟಿಯಾಗಿರುತ್ತದೆ, ಡಾಂಬರಿನಂತೆ ಅಂಟುವುದಿಲ್ಲ. ತಲೆಸುತ್ತು, ಸುಸ್ತು, ಹೊಟ್ಟೆನೋವು ಇದ್ದರೆ ಮಾತ್ರ ತಡಮಾಡದೆ ತೋರಿಸಿ.

ಬೆಂಗಳೂರಿನ ರಾತ್ರಿಪಾಳಿಯ ಉದ್ಯೋಗಿ

ನನ್ನದು ಬೇರೆ. ಹೊಟ್ಟೆಯಲ್ಲಿ ನೋವಿಲ್ಲ. ಮಲಗಿದ ಕೂಡಲೇ ಎದೆಯ ನಡುವೆ ಉರಿ ಏರುತ್ತದೆ, ಬಾಯಿಗೆ ಹುಳಿ ನೀರು ಬರುತ್ತದೆ. ಬೆಳಿಗ್ಗೆ ಗಂಟಲು ಕೆರೆತ, ಒಣಕೆಮ್ಮು. ಕೆಮ್ಮಿನ ಔಷಧ ಬಾಟಲಿಗಟ್ಟಲೆ ಕುಡಿದಿದ್ದೇನೆ.

ಚಾಮರಾಜನಗರದ ಸರ್ಕಾರಿ ವೈದ್ಯೆ

ಅನ್ನನಾಳ ಮತ್ತು ಜಠರ ಸೇರುವ ಕಡೆ ಒಂದು ಸ್ನಾಯು ಕವಾಟದಂತೆ ಮುಚ್ಚಿಕೊಂಡಿರುತ್ತದೆ. ಅದು ಸಡಿಲವಾದರೆ ಆಮ್ಲ ಮೇಲಕ್ಕೆ ಹರಿಯುತ್ತದೆ. ಆಮ್ಲ ಹೆಚ್ಚಾಗಿರಬೇಕೆಂದೇ ಇಲ್ಲ, ಇರಬಾರದ ಜಾಗಕ್ಕೆ ಬಂದಿದೆ, ಅಷ್ಟೇ. ಸೊಂಟದ ಸುತ್ತಳತೆ ಹೆಚ್ಚಾದಷ್ಟೂ, ಊಟವಾದ ತಕ್ಷಣ ಮಲಗಿದಷ್ಟೂ ಇದು ಹೆಚ್ಚು. ಧೂಮಪಾನ, ಮದ್ಯ, ಕೆಲವರಿಗೆ ಕಾಫಿ ಕೂಡ ಸೇರಿಕೊಳ್ಳುತ್ತವೆ. ರಾತ್ರಿಯ ಒಣಕೆಮ್ಮು, ಬೆಳಗಿನ ಗಂಟಲು ಕೆರೆತ ಇದರಿಂದಲೇ ಬರುವುದು ಸಾಮಾನ್ಯ.

ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಸಿ, ಅದು ಬೆಳಗಿನ ಜಾವದ ನಿದ್ದೆಯಾದರೂ ಸರಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಎರಡು ದಿಂಬು ಹಾಕಿಕೊಂಡರೆ ಹೊಟ್ಟೆ ಮಡಚಿ ಇನ್ನೂ ಒತ್ತಡವಾಗುತ್ತದೆ. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಮೇಲೇರುವುದು ಕಡಿಮೆ. ತೂಕ ಹೆಚ್ಚಿದ್ದರೆ ಇಳಿಸುವುದು ಎಲ್ಲಕ್ಕಿಂತ ಉತ್ತಮ. ಈ ತೊಂದರೆಗೆ ಪ್ಯಾಂಟೊಪ್ರಜೋಲ್ ಬರೆದಾಗ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಊಟವಾದ ಮೇಲೆ, ಉರಿ ಬಂದಾಗ ನುಂಗಿದರೆ ಅರ್ಧ ಪ್ರಯೋಜನವೂ ಇಲ್ಲ. ನುಂಗಿದ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತೆ ಅನಿಸತೊಡಗಿದರೆ ಮಾತ್ರೆಯನ್ನು ನಂಬಿ ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ.

ಮೆಲ್ಬರ್ನ್‌ನಲ್ಲಿರುವ ಧಾರವಾಡದವಳು

ನನ್ನ ಹೊಟ್ಟೆ ಬೆಳಿಗ್ಗೆ ಸರಿ ಇರುತ್ತದೆ, ಸಂಜೆಗೆ ಉಬ್ಬಿ ಸೀರೆ ಬಿಗಿಯುತ್ತದೆ. ನುಲಿತ ಬರುತ್ತದೆ, ಮಲವಿಸರ್ಜನೆಯಾದ ಮೇಲೆ ತಗ್ಗುತ್ತದೆ. ಒಂದು ವಾರ ಭೇದಿ, ಮುಂದಿನ ವಾರ ಮಲಬದ್ಧತೆ. ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದವು. "ಎಲ್ಲ ನಿನ್ನ ಮನಸ್ಸಿನಲ್ಲಿದೆ" ಎಂಬ ಮಾತನ್ನು ಊರಲ್ಲಿ ಬಹಳ ಕೇಳಿದ್ದೆ. ಇಲ್ಲಿ ಐಬಿಎಸ್, ಅಂದರೆ ಕರುಳು ಪದೇ ಪದೇ ಕೆರಳುವ ತೊಂದರೆ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದರು.

ಇದೇ ಊರಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಆಹಾರಕ್ರಮವನ್ನು ಪಥ್ಯತಜ್ಞೆ ಕಲಿಸಿದರು. ಸಣ್ಣ ಕರುಳು ಪೂರ್ತಿ ಹೀರಿಕೊಳ್ಳದ ಕೆಲವು ಸಕ್ಕರೆ ಅಂಶಗಳು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಅನಿಲ ಮಾಡುತ್ತವೆ. ಅಂತಹವು ಎಲ್ಲಿವೆ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು ಬೇಳೆ, ಹಾಲು, ಹಲಸು, ಮಾವಿನಲ್ಲಿ! ನಮ್ಮ ಅಡುಗೆಮನೆಯೇ ಆ ಪಟ್ಟಿಯಲ್ಲಿತ್ತು. ನೆಮ್ಮದಿ ಎಂದರೆ ಅನ್ನ, ಜೋಳ, ಕ್ಯಾರೆಟ್, ಮಿತವಾಗಿ ಬೀನ್ಸ್ ಸಾಧುವಾದವು. ಒಗ್ಗರಣೆಗೆ ಬೆಳ್ಳುಳ್ಳಿಯ ಬದಲು ಇಂಗು ಹಾಕುತ್ತೇನೆ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರೂ ನಡೆಯುತ್ತದೆ. ಆ ಸಕ್ಕರೆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ.

ಚಾಮರಾಜನಗರದ ಸರ್ಕಾರಿ ವೈದ್ಯೆ

ಬಹಳ ಉಪಯುಕ್ತ ಬರಹ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಪಥ್ಯ ಜೀವನಪೂರ್ತಿ ಅಲ್ಲ. ಎರಡರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ತಿಂದು ಯಾವುದು ಒಗ್ಗುವುದಿಲ್ಲವೋ ಅದನ್ನಷ್ಟೇ ತಗ್ಗಿಸಬೇಕು. ಕಾಳು ಬೇಳೆಯನ್ನು ಶಾಶ್ವತವಾಗಿ ಬಿಟ್ಟರೆ ಸಸ್ಯಾಹಾರಿಗಳಿಗೆ ಪ್ರೋಟೀನ್ ಎಲ್ಲಿಂದ ಬರಬೇಕು? ಅವರೆಕಾಳು, ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಅನಿಲ ತಗ್ಗುತ್ತದೆ.

"ಮನಸ್ಸಿನಲ್ಲಿದೆ" ಎಂಬ ಮಾತು ನನಗೂ ನೋವು ತರುತ್ತದೆ. ಐಬಿಎಸ್‌ನಲ್ಲಿ ಕರುಳಿನ ನರಗಳ ಸಂವೇದನೆಯೂ ಚಲನೆಯೂ ನಿಜವಾಗಿಯೇ ಬದಲಾಗಿರುತ್ತವೆ. ಒತ್ತಡ ಅದನ್ನು ಕೆರಳಿಸುತ್ತದೆ, ಆದರೆ ರೋಗಿ ನೋವನ್ನು ಕಲ್ಪಿಸಿಕೊಳ್ಳುತ್ತಿಲ್ಲ. ಹಾಗೆಯೇ ಐಬಿಎಸ್ ಎಂದು ಬೇಗನೆ ತೀರ್ಮಾನಿಸುವುದೂ ಅಪಾಯ. ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇವು ಐಬಿಎಸ್ ಲಕ್ಷಣಗಳಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ, ಅದು ಹೀಗೆಯೇ ನಿಧಾನವಾಗಿ ಬರುತ್ತದೆ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ಯಾವ ಹೊಟ್ಟೆ ತೊಂದರೆಯನ್ನೂ ಪರೀಕ್ಷಿಸದೆ ಬಿಡಬಾರದು.

ತುಮಕೂರಿನ ಹಾಲು ಉತ್ಪಾದಕ

ಉರಿಗೆ ತಣ್ಣನೆಯ ಹಾಲು ಒಳ್ಳೆಯದಲ್ಲವೇ? ನಮ್ಮ ತಂದೆಗೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಮಜ್ಜಿಗೆ ಮಾತ್ರ ಒಗ್ಗುತ್ತದೆ.

ದಾವಣಗೆರೆಯ ಔಷಧಿಕಾರ

ಹಾಲು ಕುಡಿದ ಕೂಡಲೇ ತಂಪೆನಿಸುತ್ತದೆ, ಆಮೇಲೆ ಅದೇ ಹಾಲು ಹೆಚ್ಚು ಆಮ್ಲ ಸುರಿಸುವಂತೆ ಮಾಡುತ್ತದೆ. ತಂದೆಯವರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣಿಸುವ ಕಿಣ್ವ ಕಡಿಮೆಯಾಗಿರಬಹುದು. ದಕ್ಷಿಣ ಭಾರತದ ವಯಸ್ಕರಲ್ಲಿ ಇದು ಬಹಳ ಸಾಮಾನ್ಯ, ರೋಗವೇನಲ್ಲ. ಮೊಸರು ಹೆಪ್ಪಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದು ಪಾಲನ್ನು ಬಳಸಿಕೊಂಡಿರುತ್ತವೆ, ಅದರಿಂದ ಮಜ್ಜಿಗೆ ಒಗ್ಗುತ್ತದೆ. ಅವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದರಿಂದಲೂ ಹೊಟ್ಟೆ ಹೀಗಾಗುತ್ತದೆ ಎಂಬುದು ಗಮನದಲ್ಲಿರಲಿ.

ವಿಜಯಪುರದ ರೈತ

ನಮ್ಮ ಕಡೆ ಹೊಟ್ಟೆನೋವು ಬಂದರೆ ಬಟ್ಟಿ ಜರುಗಿದೆ, ಅಂದರೆ ಹೊಕ್ಕುಳು ಜಾಗ ತಪ್ಪಿದೆ ಎನ್ನುತ್ತಾರೆ. ತಿಳಿದವರು ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕಿ ಕೂರಿಸುತ್ತಾರೆ. ಎಷ್ಟೋ ಜನರಿಗೆ ಗುಣವಾದದ್ದನ್ನು ನೋಡಿದ್ದೇನೆ. ಇದರ ಬಗ್ಗೆ ವೈದ್ಯರು ಏನೆನ್ನುತ್ತೀರಿ?

ಚಾಮರಾಜನಗರದ ಸರ್ಕಾರಿ ವೈದ್ಯೆ

ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯ ನುಲಿತ ಒಂದೆರಡು ದಿನದಲ್ಲಿ ತಾನಾಗಿಯೇ ಹೋಗುತ್ತದೆ, ತಿಕ್ಕಿದರೂ ಹೋಗುತ್ತದೆ. ನನಗೆ ಭಯವಿರುವುದು ಅಪೆಂಡಿಕ್ಸ್ ಬಗ್ಗೆ. ಅದರ ನೋವು ಶುರುವಾಗುವುದೇ ಹೊಕ್ಕುಳ ಸುತ್ತ. ಕೆಲವು ಗಂಟೆಗಳ ನಂತರ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುತ್ತದೆ. ಹಸಿವು ಹೋಗುತ್ತದೆ, ವಾಂತಿ, ಸಣ್ಣ ಜ್ವರ ಬರುತ್ತದೆ, ಕೆಮ್ಮಿದರೂ ನೋಯುತ್ತದೆ. ಮೊದಲ ಗಂಟೆಗಳಲ್ಲಿ ಬಟ್ಟಿ ಎಂದು ತಿಕ್ಕುತ್ತಾ ಕೂತರೆ ಅದು ಒಡೆದು ಹೊಟ್ಟೆಯೆಲ್ಲ ಕೀವಾಗಬಹುದು. ಆಮೇಲೆ ಶಸ್ತ್ರಚಿಕಿತ್ಸೆಯೂ ಕಷ್ಟ, ಪ್ರಾಣಕ್ಕೂ ಅಪಾಯ. ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಬಿಗಿಯಾಗಿದ್ದರೆ ಯಾರೂ ಕೈ ಹಚ್ಚಬಾರದು.

ಇನ್ನೆರಡು ನೋವುಗಳನ್ನು ಗುರುತಿಡಿ. ಮದುವೆ ಊಟದಂತಹ ಜಿಡ್ಡಿನ ಊಟವಾದ ಮೇಲೆ ಬಲಪಕ್ಕೆಲುಬಿನ ಕೆಳಗೆ ಹಿಡಿದು, ಬಲಭುಜಕ್ಕೋ ಬೆನ್ನಿಗೋ ಹರಡಿ, ಅರ್ಧ ಗಂಟೆಯಿಂದ ಕೆಲವು ಗಂಟೆ ನಿಲ್ಲುವುದು ಪಿತ್ತಕೋಶದ ಕಲ್ಲಿನ ನೋವು. ಒಂದು ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಮೇಲ್ಹೊಟ್ಟೆಯಿಂದ ನೇರ ಬೆನ್ನಿಗೆ ಇರಿದಂತಾಗಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಗ್ಗುವುದು ಮೇದೋಜ್ಜೀರಕ ಗ್ರಂಥಿಯ ಉರಿಯೂತ. ಅದಕ್ಕೆ ಮುಖ್ಯ ಕಾರಣಗಳು ಮದ್ಯ ಮತ್ತು ಪಿತ್ತಕೋಶದ ಕಲ್ಲು. ಎರಡಕ್ಕೂ ಆಮ್ಲದ ಮಾತ್ರೆಯಿಂದ ಏನೂ ಆಗದು.

ಹಾವೇರಿಯ ಆಂಬ್ಯುಲೆನ್ಸ್ ಶುಶ್ರೂಷಕ

ಇಷ್ಟು ಹೊತ್ತಿಗೂ ಹೃದಯದ ಮಾತು ಬರಲಿಲ್ಲ, ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾವು ಕರೆದೊಯ್ಯುವ ಹೃದಯಾಘಾತದ ರೋಗಿಗಳಲ್ಲಿ ಅನೇಕರು ಮನೆಯಲ್ಲಿ ಮೊದಲು ಸೋಡಾ, ಓಂಕಾಳಿನ ಕಷಾಯ, ಆಮ್ಲದ ಮಾತ್ರೆ ತೆಗೆದುಕೊಂಡು ಗಂಟೆಗಟ್ಟಲೆ ಕಾದಿರುತ್ತಾರೆ. ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತರೆ ನೋವು ಮೇಲ್ಹೊಟ್ಟೆಯಲ್ಲೇ ಕಾಣಿಸಬಹುದು, ವಾಂತಿಯೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದಿರಬಹುದು. ತಣ್ಣನೆಯ ಬೆವರು, ಏದುಸಿರು, ದವಡೆ ಅಥವಾ ತೋಳಿನ ಎಳೆತ, ನಡೆದರೆ ಹೆಚ್ಚುವ ಉರಿ ಇದ್ದರೆ ಮೊದಲು ಇಸಿಜಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. 108ಕ್ಕೆ ಕರೆ ಮಾಡಿ. ಇಸಿಜಿ ಸರಿ ಇದ್ದು ಬರೀ ಹೊಟ್ಟೆಯುರಿ ಎಂದಾದರೆ ನಮಗೆ ಯಾರಿಗೂ ಬೇಸರವಿಲ್ಲ.

ಶಿರಸಿಯ ಅಡಿಕೆ ಬೆಳೆಗಾರ

ಬಹಳ ಕಾಲದಿಂದ ಪ್ರತಿದಿನ ರಾಬೆಪ್ರಜೋಲ್ ನುಂಗುತ್ತಿರುವವರು ಅದನ್ನು ಬಿಡುವುದು ಹೇಗೆ? ಬಿಟ್ಟ ಮೂರನೆಯ ದಿನವೇ ಉರಿ ತಡೆಯಲಾಗುವುದಿಲ್ಲ.

ಚಾಮರಾಜನಗರದ ಸರ್ಕಾರಿ ವೈದ್ಯೆ

ದೀರ್ಘಕಾಲ ಆಮ್ಲವನ್ನು ತಡೆದಿಟ್ಟಾಗ ದೇಹ ಅದನ್ನು ಹೆಚ್ಚಿಸಲು ಪ್ರಯತ್ನಿಸುತ್ತಲೇ ಇರುತ್ತದೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟಾಗ ಮೊದಲಿಗಿಂತ ಹೆಚ್ಚು ಆಮ್ಲ ಸುರಿಯುತ್ತದೆ. ಕೆಲವು ವಾರಗಳ ಈ ಉರಿಯನ್ನು ರೋಗ ಮರಳಿತು ಎಂದುಕೊಂಡು ಜನ ಮತ್ತೆ ಮಾತ್ರೆಗೆ ಹೋಗುತ್ತಾರೆ. ವೈದ್ಯರ ಸಲಹೆಯಂತೆ ಪ್ರಮಾಣ ಅರ್ಧಕ್ಕಿಳಿಸಿ, ಆಮೇಲೆ ದಿನ ಬಿಟ್ಟು ದಿನ, ನಡುವೆ ಉರಿ ಬಂದಾಗ ಸಾಮಾನ್ಯ ಆ್ಯಂಟಾಸಿಡ್ ದ್ರವ, ಹೀಗೆ ಇಳಿಸಬಹುದು. ಅಡುಗೆ ಸೋಡಾ ಬೇಡ. ಅದರ ಸೋಡಿಯಂ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಕೆಟ್ಟದ್ದು. ಬಹುಕಾಲ ತೆಗೆದುಕೊಂಡವರು ವಿಟಮಿನ್ ಬಿ12 ಮತ್ತು ಮೆಗ್ನೀಸಿಯಂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು, ಸಸ್ಯಾಹಾರಿಗಳು ಬಿ12 ಅನ್ನು ಖಂಡಿತವಾಗಿ. ಅನ್ನನಾಳಕ್ಕೆ ತೀವ್ರ ಹಾನಿಯಾದವರು, ಹುಣ್ಣಿನಿಂದ ರಕ್ತಸ್ರಾವವಾಗಿದ್ದು ಆಸ್ಪಿರಿನ್ ಮುಂದುವರಿಸಲೇಬೇಕಾದವರು ಇದನ್ನು ಬಿಡಬಾರದು.

ಕೊಪ್ಪಳದ ಶಿಕ್ಷಕಿ

ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡಿದ್ದೇನೆ. ಇನ್ನೊಂದು ಪ್ರಶ್ನೆ. ನಮ್ಮ ತಾಯಿಯೂ ಇದೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರದು ಬಣ್ಣಬಣ್ಣದ ಗುಳಿಗೆ. ಇತ್ತೀಚೆಗೆ ಕೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ವಯಸ್ಸಿನದೆಂದು ಸುಮ್ಮನಿದ್ದೇವೆ.

ದಾವಣಗೆರೆಯ ಔಷಧಿಕಾರ

ಆ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಎರಡನೆಯ ಹೆಸರನ್ನು ಈಗಲೇ ಓದಿ. ಆಮ್ಲದ ಔಷಧದ ಜೊತೆಗೆ, ಜಠರ ಬೇಗ ಖಾಲಿಯಾಗಲೆಂದು ಕೊಡುವ ಲೆವೊಸಲ್‌ಪಿರೈಡ್ ಸೇರಿಸಿದ ಗುಳಿಗೆಗಳು ನಮ್ಮಲ್ಲಿ ಬಹಳ ಮಾರಾಟವಾಗುತ್ತವೆ. ದೇಹದ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ಅದು ಮಿದುಳಿನಲ್ಲಿ ತಡೆಯುತ್ತದೆ. ವಯಸ್ಸಾದವರಲ್ಲಿ ಪಾರ್ಕಿನ್ಸನ್ ಕಾಯಿಲೆಯಂತೆಯೇ ನಡುಕ, ಬಿಗಿತ, ನಿಧಾನಗತಿ ತರಬಲ್ಲದು. ಅದರ ಬದಲು ವಾಂತಿ ತಡೆಯುವ ಡೊಂಪೆರಿಡೋನ್ ಸೇರಿದ್ದರೆ ಹೃದಯ ಬಡಿತದ ಲಯಕ್ಕೆ ತೊಂದರೆಯಾಗುವ ಸಾಧ್ಯತೆಯಿದೆ. ಪಟ್ಟಿಯನ್ನು ತೆಗೆದುಕೊಂಡು ತಾಯಿಯವರನ್ನು ಈ ವಾರವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ನಡುಕ ಶುರುವಾದದ್ದು ಗುಳಿಗೆ ಶುರುವಾದ ಮೇಲೆಯೋ ಮೊದಲೋ ಎಂಬುದನ್ನು ತಪ್ಪದೆ ಹೇಳಿ. ಔಷಧದಿಂದಲೇ ಬಂದಿದ್ದರೆ, ಅದನ್ನು ನಿಲ್ಲಿಸಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಕೊಪ್ಪಳದ ಶಿಕ್ಷಕಿ

ಓದಿದೆ. ಲೆವೊಸಲ್‌ಪಿರೈಡ್ 75 ಮಿಲಿಗ್ರಾಂ ಎಂದಿದೆ. ಗುಳಿಗೆ ಶುರುವಾದದ್ದು ಕಳೆದ ಯುಗಾದಿಗೆ, ನಡುಕ ಕಂಡದ್ದು ದೀಪಾವಳಿಯ ಹೊತ್ತಿಗೆ. ನಾಳೆಯೇ ಕರೆದುಕೊಂಡು ಹೋಗುತ್ತೇನೆ.